ಬೇಲಿ ಸಾಲಿನ ತಾಯಿಮರ

ತೆಂಗಿನ ತಳಿ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಜೋಳದಲ್ಲಿ ತಪ್ಪು ಮಾಡಿದರೆ ಸುಗ್ಗಿಯ ಹೊತ್ತಿಗೆ ಗೊತ್ತಾಗುತ್ತದೆ. ತೊಗರಿಯಲ್ಲೂ ಅಷ್ಟೇ. ತೆಂಗಿನಲ್ಲಿ ಮಾಡಿದ ತಪ್ಪು ಗೊತ್ತಾಗುವ ಹೊತ್ತಿಗೆ ಮಾಡಿದವರು ವರ್ಗವಾಗಿರುತ್ತಾರೆ, ನಿವೃತ್ತರಾಗಿರುತ್ತಾರೆ, ಕೆಲವರು ತೀರಿಕೊಂಡೂ ಇರುತ್ತಾರೆ. ಬಯ್ಯೋಣವೆಂದರೆ ಎದುರಿಗೆ ಯಾರೂ ಇರುವುದಿಲ್ಲ. ನನ್ನದು ಮಾತ್ರ ಬೇರೆ ಹಣೆಬರಹ. ಕಮಲಾಪುರದ ಸರ್ಕಾರಿ ತೆಂಗಿನ ತಳಿ ತೋಟದಿಂದ ನನ್ನನ್ನು ಎತ್ತಿ ಬೇರೆ ಕಡೆ ಹಾಕುವ ಮನಸ್ಸು ಯಾರಿಗೂ ಬರಲಿಲ್ಲ. ಹಾಗಾಗಿ ನೆಟ್ಟಿದ್ದನ್ನೂ ನೋಡಿದೆ, ಫಲ ಬಂದದ್ದನ್ನೂ ನೋಡಿದೆ, ಕಡಿದದ್ದನ್ನೂ ನೋಡಿದೆ.

ನಮ್ಮ ತಂದೆಯವರದು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಕಿರಾಣಿ ಅಂಗಡಿ. ಮಗ ತಕ್ಕಡಿ ಬಿಟ್ಟು ತೆಂಗಿನ ಮರ ನೋಡಲು ದಿನಾ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತಾನೆ ಎನ್ನುವುದನ್ನು ಅವರು ಕೊನೆಯವರೆಗೂ ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಅಂಗಡಿಯ ಮುಂದೆ ದಕ್ಷಿಣದಿಂದ ಲಾರಿಯಲ್ಲಿ ಬಂದ ಕಾಯಿ ರಾಶಿ ಬಿದ್ದಿರುತ್ತಿತ್ತು. ಅದನ್ನು ತೋರಿಸಿ, ಬೇಕಾದಷ್ಟು ಬರುತ್ತಿರುವಾಗ ನೀವು ಇಲ್ಲಿ ಬೆಳೆದು ಮಾಡುವುದೇನು ಎಂದು ಕೇಳುತ್ತಿದ್ದರು. ಕಮಲಾಪುರದವರದೂ ಅದೇ ಪ್ರಶ್ನೆ. ಅವರಿಗೆ ತಮ್ಮ ಕೆಂಪು ಬಾಳೆ ಇತ್ತು, ಅದರ ಹೆಮ್ಮೆ ಇತ್ತು. ಬೇಲಿಯ ಆಚೆ ನಿಂತು ನಮ್ಮ ಮರಗಳನ್ನು ನೋಡಿ, ಕಾಯಿ ಬಿಡುವ ಹೊತ್ತಿಗೆ ಮೊಮ್ಮಕ್ಕಳ ಮದುವೆಗೆ ಆಗುತ್ತವೆ ಬಿಡಿ ಎಂದು ನಗುತ್ತಿದ್ದರು.

ನಮ್ಮ ಕೆಲಸ ಹೇಳಲು ಸುಲಭ. ಈ ಕಡೆಯ ಬೇಸಿಗೆಗೆ ತೆಂಗಿನ ಎಳೆಗಾಯಿ ಉದುರಿಹೋಗುತ್ತವೆ. ಹೊಂಬಾಳೆ ಚೆನ್ನಾಗಿಯೇ ಬರುತ್ತದೆ, ಕಾಯಿ ಕಚ್ಚುತ್ತದೆ, ಬಿಸಿಲು ಏರಿದ ಕೂಡಲೇ ಮರದ ಬುಡದ ತುಂಬಾ ಎಳೆಗಾಯಿ. ಈ ಬಿಸಿಲಿನಲ್ಲೂ ಕಾಯಿ ಬಿಡದೆ ಹಿಡಿದುಕೊಳ್ಳುವ ಮರವನ್ನು ಹುಡುಕಬೇಕು, ಅದನ್ನು ತಾಯಿಮರ ಎಂದು ಗುರುತು ಹಾಕಬೇಕು, ಅದಕ್ಕೆ ಬೇಗ ಫಲ ಕೊಡುವ ಗಿಡ್ಡ ಜಾತಿಯ ಪರಾಗ ಕೊಟ್ಟು ಮಕ್ಕಳನ್ನು ಬೆಳೆಸಬೇಕು, ಮಕ್ಕಳು ತಾಯಿಯ ಗುಣ ತಂದಿವೆಯೇ ಎಂದು ನೋಡಬೇಕು. ಇಷ್ಟೇ. ಇಷ್ಟಕ್ಕೆ ಒಬ್ಬ ಮನುಷ್ಯನ ಇಡೀ ನೌಕರಿ ಬೇಕಾಗುತ್ತದೆ.

ನಾನು ಸೇರಿದಾಗ ಇದ್ದ ಮೇಲಧಿಕಾರಿಯನ್ನು ತೋಟದವರೆಲ್ಲ ದೊಡ್ಡ ಸಾಹೇಬರು ಎನ್ನುತ್ತಿದ್ದರು. ಮಾತು ಕಡಿಮೆ, ಸಿಟ್ಟು ಜಾಸ್ತಿ. ತಾಯಿಮರದ ವಿಷಯದಲ್ಲಿ ಅವರದು ಒಂದೇ ಹಟ. ಬಾವಿಯ ಪಕ್ಕದ ಮರ ಬೇಡ, ತಿಪ್ಪೆಯ ಪಕ್ಕದ್ದು ಬೇಡ, ಬಚ್ಚಲ ನೀರು ಹೋಗುವ ಕಡೆಯದಂತೂ ಕಣ್ಣೆತ್ತಿಯೂ ನೋಡಬಾರದು. ಚೆನ್ನಾಗಿ ಉಂಡು ದಪ್ಪಗಾದವನ ಮಗ ಉಪವಾಸದಲ್ಲೂ ದಪ್ಪಗಿರುತ್ತಾನೆಯೇ ಎಂದು ಕೇಳುತ್ತಿದ್ದರು. ಮರದ ಗುಣ ಬೇರೆ, ಮರ ನಿಂತ ಜಾಗದ ಗುಣ ಬೇರೆ. ಮಕ್ಕಳಿಗೆ ಬರುವುದು ಮೊದಲನೆಯದು ಮಾತ್ರ. ಇದನ್ನು ನೀವು ಕಾಲೇಜಿನಲ್ಲಿ ಓದಿರುತ್ತೀರಿ. ನಾನು ಅವರ ಬೈಗುಳದ ಮೂಲಕ ಕಲಿತೆ.

ಅವರ ನಂತರ ಬಂದವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮಹಾಗಾಂವದಲ್ಲಿ ಒಬ್ಬ ಗೌಡರ ಹಿತ್ತಲಲ್ಲಿ ಒಂದು ಮರ ಇತ್ತು. ಗೊನೆಯ ಮೇಲೆ ಗೊನೆ, ನೋಡಿದರೆ ದೃಷ್ಟಿ ಆಗಬೇಕು. ಈ ಎರಡನೆಯ ಸಾಹೇಬರು ಅದನ್ನು ನೋಡಿದ್ದೇ ತಡ, ಇದೇ ತಾಯಿಮರ ಎಂದು ಪಟ್ಟು ಹಿಡಿದರು. ಮರದಿಂದ ಹತ್ತು ಹೆಜ್ಜೆಗೆ ಎಮ್ಮೆಯ ಕೊಟ್ಟಿಗೆ. ಕೊಟ್ಟಿಗೆ ತೊಳೆದ ನೀರು ದಿನವೂ ನೇರ ಅದರ ಬುಡಕ್ಕೆ. ನಾನು ಅದನ್ನು ತೋರಿಸಿದೆ. ಎಮ್ಮೆ ಊರಲ್ಲೆಲ್ಲ ಇವೆ, ಇಂಥ ಮರ ಎಲ್ಲಿದೆ ಎಂದರು. ಆ ಮರದ ಕಾಯಿ ತಂದು ಸಸಿ ಮಾಡಿ ಹಂಚಿದ್ದೂ ಆಯಿತು. ವರ್ಷಗಳು ಕಳೆದ ಮೇಲೆ, ಆ ಸಸಿ ನೆಟ್ಟು ಕಾಯಿ ಕಾಣದ ರೈತರೊಬ್ಬರು ತೋಟಕ್ಕೆ ಬಂದು ನನ್ನ ಮುಖಕ್ಕೆ ನೇರವಾಗಿ, ನಿಮ್ಮ ಗಿಡದ ಜತೆ ಆ ಗೌಡರ ಎಮ್ಮೆಯನ್ನೂ ಕೊಡಬೇಕಿತ್ತು ಎಂದರು. ಆ ಸಾಹೇಬರು ಆಗ ಬೇರೆ ಜಿಲ್ಲೆಯಲ್ಲಿ ಬೇರೆ ಬೆಳೆ ನೋಡುತ್ತಿದ್ದರು. ಬೈಗುಳವೆಲ್ಲ ನನ್ನ ಪಾಲಿಗೆ ಬಂತು. ಈ ಕಥೆಯನ್ನು ನಾನು ಹೊಸಬರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಈಗ ನಗಿಸಲು ಹೇಳುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ನಮ್ಮ ತೋಟದೊಳಗೇ ದೊಡ್ಡ ಸಾಹೇಬರು ಗುರುತು ಹಾಕಿಹೋದ ಒಂದು ಮರ ಇತ್ತು. ಬೇಲಿ ಪಕ್ಕದ ಕೊನೆಯ ಸಾಲು. ಅಲ್ಲಿ ಗರಸು ನೆಲ, ಗುದ್ದಲಿ ಹಾಕಿದರೆ ಕೈ ಜುಮ್ಮೆನ್ನುತ್ತಿತ್ತು. ಹತ್ತಿರದಲ್ಲಿ ಬಾವಿ ಇಲ್ಲ, ತಿಪ್ಪೆ ಇಲ್ಲ, ಮನೆ ಇಲ್ಲ. ಆ ಸಾಲಿನ ಉಳಿದ ಮರಗಳು ಬಡಕಲಾಗಿ ನಿಂತಿದ್ದರೆ ಇದೊಂದು ಮಾತ್ರ ಕಡುಬೇಸಿಗೆಯಲ್ಲೂ ಗೊನೆ ತುಂಬಿಕೊಂಡು ನಿಲ್ಲುತ್ತಿತ್ತು. ಎಳೆಗಾಯಿ ಉದುರಿಸುತ್ತಲೇ ಇರಲಿಲ್ಲ. ದೊಡ್ಡ ಸಾಹೇಬರು ಎಷ್ಟೋ ವರ್ಷ ನೋಡಿ, ಕೊನೆಗೆ ತಾವೇ ಬಣ್ಣ ತಂದು ಅದರ ಕಾಂಡಕ್ಕೆ ಪಟ್ಟಿ ಬಳಿದರು. ಅವರು ನಿವೃತ್ತರಾಗುವ ದಿನ ಕಚೇರಿಯ ಸನ್ಮಾನಕ್ಕಿಂತ ಮೊದಲು ಆ ಮರದ ಹತ್ತಿರ ಹೋಗಿ ನಿಂತು ಬಂದರು. ಇದನ್ನು ಕೈಬಿಡಬೇಡ ಎಂದು ನನಗೆ ಹೇಳಿದರು. ನಾನು ಬಿಡಲಿಲ್ಲ.

ಇನ್ನು ಭೀಮಶಾನ ವಿಷಯ. ನಮ್ಮ ಕಡೆ ತೆಂಗಿನ ಮರ ಹತ್ತುವವರು ಸಿಗುವುದಿಲ್ಲ. ಹಿತ್ತಲಲ್ಲಿ ಒಂದೆರಡು ಮರ ಇದ್ದವರು ಉದ್ದ ಬಿದಿರಿಗೆ ಕುಡುಗೋಲು ಕಟ್ಟಿ ಕಾಯಿ ಕೀಳುತ್ತಾರೆ. ಆದರೆ ಪರಾಗ ಕೊಡುವ ಕೆಲಸ ಬಿದಿರಿನಿಂದ ಆಗುವುದಿಲ್ಲ. ಮಹಾಗಾಂವದಿಂದ ಕೂಲಿಗೆ ಬರುತ್ತಿದ್ದ ಭೀಮಶಾ, ಹತ್ತುವ ಆಳು ಸಿಗದೆ ನಾವು ಒದ್ದಾಡುವುದನ್ನು ನೋಡಿ ತಾನೇ ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಹತ್ತಲು ಕಲಿತ. ಮೊದಲ ವರ್ಷ ಅವನ ಎದೆ, ಮೊಣಕಾಲು ಯಾವಾಗಲೂ ತರಚಿರುತ್ತಿದ್ದವು. ನಗುಮುಖದ ಮನುಷ್ಯನೇನಲ್ಲ. ಸಿಟ್ಟು ಬಂದರೆ ಮರದ ಮೇಲಿಂದಲೇ ನನ್ನನ್ನು ಬಯ್ಯುತ್ತಿದ್ದ. ಕೆಳಗೆ ಬಂದ ಮೇಲೆ ಚಹಾ ಕೊಡಿಸಿದರೆ ಸರಿಹೋಗುತ್ತಿದ್ದ.

ಕೆಲಸದ ರೀತಿ ಹೇಳಿದರೆ ನಿಮಗೆ ಅರ್ಥವಾಗುತ್ತದೆ. ಹೊಂಬಾಳೆ ಒಡೆದ ಕೂಡಲೇ ಹತ್ತಿ ಅದರ ಗಂಡು ಹೂಗಳನ್ನೆಲ್ಲ ತೆಗೆಯಬೇಕು. ಉಳಿದ ಹೆಣ್ಣು ಹೂಗಳಿಗೆ ಬೇರೆ ಪರಾಗ ಸೋಕದ ಹಾಗೆ ಚೀಲ ಕಟ್ಟಬೇಕು. ಅವು ಒಂದೇ ದಿನ ಅರಳುವುದಿಲ್ಲ. ಇವತ್ತು ಕೆಲವು, ನಾಳೆ ಕೆಲವು. ಹಾಗಾಗಿ ಅದೇ ಮರವನ್ನು ದಿನಾ ಬೆಳಿಗ್ಗೆ ಹತ್ತಬೇಕು, ಚೀಲ ಬಿಚ್ಚಿ, ನಾವು ತಂದ ಪರಾಗ ಉದುರಿಸಿ, ಮತ್ತೆ ಕಟ್ಟಿ ಇಳಿಯಬೇಕು. ಒಂದು ದಿನ ಹತ್ತದಿದ್ದರೆ ಆ ದಿನದ ಹೂ ಹೋಯಿತು. ಒಂದು ದಿನ ತಪ್ಪಿದರೆ ವರ್ಷ ಹೋದ ಹಾಗೆ ಎಂದು ದೊಡ್ಡ ಸಾಹೇಬರು ಹೇಳುತ್ತಿದ್ದರು. ಅವರ ನಂತರ ನಾವೆಲ್ಲ ಹೇಳುತ್ತಿದ್ದೆವು. ಕೊನೆಗೆ ಭೀಮಶಾನೂ ಹೇಳಲು ಶುರು ಮಾಡಿದ್ದ.

ಒಂದು ಬೇಸಿಗೆ, ಬೇಲಿ ಮರದ ಹೊಂಬಾಳೆಗೆ ಚೀಲ ಕಟ್ಟಿದ್ದ ದಿನಗಳಲ್ಲಿ, ಅಕಾಲದ ಮಳೆ ಬಂತು. ರಾತ್ರಿ ಗಾಳಿ, ಬೆಳಿಗ್ಗೆ ಕಾಂಡವೆಲ್ಲ ಹಸಿ. ನಾನು ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ಇಳಿಯುವ ಹೊತ್ತಿಗೆ ಭೀಮಶಾ ಹತ್ತಿಯಾಗಿತ್ತು. ಯಾರೂ ಹೇಳಿರಲಿಲ್ಲ. ಹೇಳುವುದೇ ಬೇಕಿರಲಿಲ್ಲ, ಆ ಮಾತು ಎಲ್ಲರ ತಲೆಯಲ್ಲಿ ಕೂತಿತ್ತಲ್ಲ. ನಾನು ಸಾಲಿನ ಈ ತುದಿಯಲ್ಲಿದ್ದೆ. ಅವನು ಒಂದು ಕೈಯಲ್ಲಿ ಚೀಲದ ಬಾಯಿ ಹಿಡಿದು ಇನ್ನೊಂದು ಕೈಯಿಂದ ಗರಿಯನ್ನು ಹಿಡಿದಿದ್ದ. ಒಣಗಿದ ಗರಿ ಹಿಡಿಯಬಾರದು ಎಂದು ಹತ್ತುವವರಿಗೆಲ್ಲ ಗೊತ್ತು. ಮಳೆಗೆ ನೆನೆದ ಗರಿ ಒಣಗಿದ್ದೋ ಹಸಿಯದೋ ತಿಳಿಯುವುದಿಲ್ಲ. ಗರಿ ಬುಡಸಮೇತ ಕಳಚಿ ಬಂತು.

ತೋಟದ ಟೆಂಪೋದಲ್ಲಿ ಮಲಗಿಸಿಕೊಂಡು ಕಲಬುರಗಿಗೆ ಹೊರಟೆವು. ಮಹಾಗಾಂವದ ಕ್ರಾಸಿನಲ್ಲಿ ಅವನ ಹೆಂಡತಿ ಚಂದಮ್ಮ, ಕಳೆ ತೆಗೆಯಲು ಹೋಗುವ ಹೆಂಗಸರ ಜತೆ ಬುತ್ತಿ ಹಿಡಿದು ನಿಂತಿದ್ದಳು. ಗಾಡಿ ನಿಲ್ಲಿಸಿ ಕರೆದೆವು. ಆಕೆ ಒಳಗೆ ನೋಡಿ, ಹತ್ತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬುತ್ತಿ ಕ್ರಾಸಿನಲ್ಲೇ ಉಳಿಯಿತು. ದವಾಖಾನೆಯಲ್ಲಿ ಸಂಜೆ ಅವನಿಗೆ ಸ್ವಲ್ಪ ಎಚ್ಚರ ಬಂದಿತ್ತು. ನನ್ನನ್ನು ನೋಡಿ ಒಂದೇ ಮಾತು ಆಡಿದ.

"ನನ್ನ ಚಪ್ಪಲಿ ಗಿಡದ ಬುಡಕ್ಕ ಬಿಟ್ಟೀನ್ರಿ. ನಾಯಿ ಒಯ್ತಾವ, ಹೊಸಾವು ಅವ."

ಹಿಂದಿನ ವಾರವಷ್ಟೇ ಸೂಪರ್ ಮಾರ್ಕೆಟ್ಟಿನಲ್ಲಿ ತಂದ ಚಪ್ಪಲಿ. ಮರುದಿನ ನಾನು ಅವನ್ನು ಕಾಗದದಲ್ಲಿ ಸುತ್ತಿಕೊಂಡು ದವಾಖಾನೆಗೆ ಹೋದೆ. ಹಾಕಿಕೊಳ್ಳುವವನು ಇರಲಿಲ್ಲ. ಅವತ್ತಿನ ಹೂವಿಗೆ ಪರಾಗ ಕೊಡಲು ಯಾರೂ ಹತ್ತಲಿಲ್ಲ, ಅದರ ಮುಂದಿನ ದಿನವೂ ಹತ್ತಲಿಲ್ಲ. ಅದಕ್ಕೂ ಮೊದಲು ಭೀಮಶಾ ಕೊಟ್ಟದ್ದಷ್ಟೇ ಕಾಯಿ ಕಚ್ಚಿ ಗೊನೆಯಲ್ಲಿ ಉಳಿಯಿತು.

ತಿಂಗಳಾದ ಮೇಲೆ ಚಂದಮ್ಮನಿಗೆ ತೋಟದಲ್ಲಿ ದಿನಗೂಲಿ ಕೆಲಸ ಕೊಡಬೇಕೆಂದು ತೀರ್ಮಾನವಾಯಿತು. ಇಬ್ಬರು ಸಣ್ಣ ಮಕ್ಕಳು, ಬೇರೆ ದಾರಿ ಇರಲಿಲ್ಲ. ಈ ಸುದ್ದಿ ಹೇಳಲು ನಾನೇ ಮಹಾಗಾಂವಕ್ಕೆ ಹೋದೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಭೀಮಶಾನ ಫೋಟೊ, ಇನ್ನೂ ಚೌಕಟ್ಟು ಹಾಕಿಸಿರಲಿಲ್ಲ. ಆಕೆ ಎಲ್ಲ ಕೇಳಿಸಿಕೊಂಡಳು. ಅತ್ತು ಕೂಗಾಡುತ್ತಾಳೆ ಎಂದು ನಾನು ಹೆದರಿ ಹೋಗಿದ್ದೆ. ಹಾಗೇನೂ ಆಗಲಿಲ್ಲ.

"ಬರ್ತೀನ್ರಿ ಸಾಹೇಬ್ರ. ಆ ಗಿಡ ಕಡೀರಿ, ನಾಳಿಂದನೇ ಬರ್ತೀನಿ. ಅದು ನಿಂತಿರೋತನಕ ಅದರ ಬುಡದಾಗ ಕೂತು ನಾ ಹೆಂಗ ಕಸ ತೆಗೀಲಿ?"

ಇದನ್ನು ನೀವು ಅಂಧಶ್ರದ್ಧೆ ಎಂದು ತಿಳಿಯಬೇಡಿ. ಗಿಡಕ್ಕೆ ದೆವ್ವ ಹಿಡಿದಿದೆ ಎಂದು ಆಕೆ ಹೇಳಲಿಲ್ಲ. ದಿನವೂ ಅದನ್ನು ನೋಡುತ್ತ ಕೆಲಸ ಮಾಡಲು ಆಗುವುದಿಲ್ಲ ಎಂದಳು, ಅಷ್ಟೇ. ಇದಕ್ಕಿಂತ ನ್ಯಾಯವಾದ ಮಾತು ಇನ್ನೊಂದಿಲ್ಲ. ಆದರೆ ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಇಡೀ ತೋಟದಲ್ಲಿ ಅಂಥ ಮರ ಅದೊಂದೇ. ದೊಡ್ಡ ಸಾಹೇಬರು ಅದನ್ನು ನೋಡಿದ ವರ್ಷಗಳು, ಭೀಮಶಾ ಅದಕ್ಕೆ ಹತ್ತಿದ ವರ್ಷಗಳು, ಎಲ್ಲವೂ ಆ ಒಂದು ಕಾಂಡದಲ್ಲಿ ನಿಂತಿದ್ದವು. ಕಡಿದರೆ ಮತ್ತೆ ಮೊದಲಿನಿಂದ. ನಾನು ಆಕೆಯ ಎದುರಿಗೆ ಕೂತು ಸಾವಕಾಶ ಹೇಳಿದೆ.

"ನೋಡವ್ವ, ಭೀಮಶಾ ಕಟ್ಟಿದ ಗೊನಿ ಇನ್ನಾ ಅದರ ಮ್ಯಾಲ ಅದ. ಅದರ ಮಕ್ಕಳು ನಾಳೆ ಊರೂರಿಗೆ ಹೋಗ್ತಾವ. ಈಗ ಕಡದ್ರ ಆತ ಮಾಡಿದ್ದೆಲ್ಲ ಮಣ್ಣಾಗಿ ಹೋಗ್ತದ."

"ಆತನೇ ಮಣ್ಣಾಗಿ ಹೋಗ್ಯಾನಲ್ರಿ," ಎಂದಳು ಚಂದಮ್ಮ.

ನಾನು ಬಿಡಲಿಲ್ಲ. ಮತ್ತೆ ಎರಡು ಸಲ ಹೋದೆ. ಆ ಸಾಲಿಗೆ ಆಕೆಯನ್ನು ಕೆಲಸಕ್ಕೆ ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಆ ಮರದಿಂದ ಈ ಕಡೆಗೆಲ್ಲ ಒಳ್ಳೆಯ ತೆಂಗು ಆದರೆ ಅದನ್ನು ಭೀಮಶಾನ ಗಿಡ ಎಂದೇ ನಾವೆಲ್ಲ ಕರೆಯುತ್ತೇವೆ ಎಂದೆ. ಸುಳ್ಳು ಹೇಳಲಿಲ್ಲ, ನಾನು ನಂಬಿದ್ದನ್ನೇ ಹೇಳಿದೆ. ಕೊನೆಗೆ ಆಕೆ ಹೂಂ ಎಂದಳು. ಒಪ್ಪಿಕೊಂಡು ಅಂದದ್ದೋ, ಮಕ್ಕಳ ಹೊಟ್ಟೆ ನೋಡಿ ಅಂದದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮೊದಲ ವರ್ಷ ಚಂದಮ್ಮ ಬೇಲಿ ಸಾಲನ್ನು ಸುತ್ತು ಹಾಕಿ ಓಡಾಡುತ್ತಿದ್ದಳು. ಸಸಿಮಡಿಯಲ್ಲಿ ನೀರು ಹಾಕುವ ಕೆಲಸ ಆಕೆಯದು. ಮಾರನೆಯ ವರ್ಷ ಆ ಗೊನೆಯ ಕಾಯಿ ಬಲಿತು, ಅದಕ್ಕೂ ಮೊದಲು ಭೀಮಶಾ ಕಟ್ಟಿದ್ದ ಗೊನೆಗಳ ಕಾಯಿಯ ಜತೆ ಸೇರಿಸಿ ಸಸಿಮಡಿಗೆ ಹಾಕಿದೆವು. ಇವು ಯಾವ ಮರದ್ದು ಎಂದು ಯಾರು ಹೇಳಿದರೋ, ಆ ಮಡಿಗೆ ಬೇರೆಯವರು ನೀರು ಹಾಕುವುದನ್ನು ಆಕೆ ಬಿಡಲಿಲ್ಲ. ಮೊದಲ ಮೊಳಕೆ ಸಿಪ್ಪೆ ಒಡೆದು ಹೊರಗೆ ಬಂದ ದಿನ ನನ್ನನ್ನು ಕಚೇರಿಯಿಂದ ಕರೆದುಕೊಂಡು ಹೋಗಿ ತೋರಿಸಿದಳು. ಆಮೇಲೆ ಯಾವಾಗಲೋ ಬೇಲಿ ಸಾಲಿಗೂ ಹೋಗತೊಡಗಿದಳು. ಭೀಮಶಾ ತೀರಿದ ದಿನ ಬಂದರೆ ಮರದ ಬುಡವನ್ನು ಕೆದರಿ, ಕಳೆ ಕಿತ್ತು, ಒಂದಿಷ್ಟು ಹೊತ್ತು ಕೂತು ಎದ್ದು ಬರುತ್ತಿದ್ದಳು. ಊದಿನಕಡ್ಡಿ ಇಲ್ಲ, ಕುಂಕುಮ ಇಲ್ಲ. "ನಮ್ಮ ಗಿಡ" ಎನ್ನಲು ಶುರು ಮಾಡಿದಳು. ನಾನು ಗೆದ್ದೆ ಎಂದುಕೊಂಡೆ. ಎಂಥ ಗೆಲುವೋ.

ಸಸಿ ಆರಿಸುವ ಕೆಲಸದ ಬಗ್ಗೆಯೂ ಇಲ್ಲೇ ಹೇಳಬೇಕು. ಸಸಿಮಡಿಯಲ್ಲಿ ತಡವಾಗಿ ಮೊಳೆತವು, ಕತ್ತು ಸಣ್ಣಗಿರುವವು, ಎಲೆ ಬೇಗ ಬಿಡಿಸಿಕೊಳ್ಳದವು, ಇವನ್ನೆಲ್ಲ ತೆಗೆದು ಹಾಕಬೇಕು. ತೆಗೆದ ಮೇಲೆ ಕುಡುಗೋಲಿನಿಂದ ಸೀಳಿಹಾಕಬೇಕು. ಸೀಳದೆ ಬಿಟ್ಟರೆ ಯಾರಾದರೂ ಒಯ್ದು ನೆಡುತ್ತಾರೆ. ನಮ್ಮಲ್ಲಿ ಒಮ್ಮೆ ಹಾಗೇ ಆಗಿದೆ. ಯಾರೋ ದೊಡ್ಡವರು ಬಂದ ಕಾರ್ಯಕ್ರಮದ ದಿನ, ಗೇಟಿನ ಹತ್ತಿರ ಗುಡ್ಡೆ ಹಾಕಿದ್ದ ಕಳಪೆ ಸಸಿಗಳನ್ನೇ ಹಂಚುವ ಸಸಿ ಎಂದು ತಿಳಿದು ಬಂದವರಿಗೆಲ್ಲ ಕೊಟ್ಟು, ಫೋಟೊ ತೆಗೆಸಿ ಕಳಿಸಿದರು. ಆರಿಸಿ ಇಟ್ಟ ಒಳ್ಳೆಯ ಸಸಿಗಳು ಹಿಂದಿನ ನೆರಳಿನಲ್ಲಿ ಹಾಗೇ ಉಳಿದಿದ್ದವು. ಆ ದಿನದಿಂದ ಸೀಳುವ ಕೆಲಸ ಚಂದಮ್ಮನಿಗೆ ಬಂತು. ಮೊದಮೊದಲು ಆಕೆಗೆ ಕೈ ಏಳುತ್ತಿರಲಿಲ್ಲ. ಜೀವ ಇದ್ದದ್ದನ್ನು ಹೆಂಗ ಸೀಳೋದ್ರಿ ಎನ್ನುತ್ತಿದ್ದಳು. ಉಳಿಸಿದರೆ ನೆಟ್ಟವರ ಹತ್ತು ವರ್ಷ ಹಾಳಾಗುತ್ತದೆ ಎಂದು ನಾನೇ ಕಲಿಸಿದೆ. ಕಲಿತಳು. ಬೇಲಿ ಮರದ ಮಡಿಯಲ್ಲಿ ಕಳಪೆ ಬಂದವನ್ನೂ ಒಂದು ಮಾತಿಲ್ಲದೆ ಸೀಳಿದಳು.

ಆರಿಸಿದ ಸಸಿಗಳನ್ನು ತೋಟದ ಮೇಲುಭಾಗದಲ್ಲಿ, ಬೇರೆ ಮರಗಳ ಮಕ್ಕಳ ನಡುವೆ ಬೆರೆಸಿ ನೆಟ್ಟೆವು. ಹೋಲಿಸಿ ನೋಡಲು ಅದೇ ರೀತಿ. ಆಮೇಲೆ ಕಾಯುವುದು. ನಾವು ಕಾಯುತ್ತಿದ್ದ ಆ ವರ್ಷಗಳಲ್ಲಿ ಕೆಲಸದ ರೀತಿ ಎಲ್ಲ ಬದಲಾಯಿತು. ಕಾಲಿನಿಂದ ತುಳಿದು ಹತ್ತುವ ಯಂತ್ರ ಬಂತು, ಸೊಂಟಕ್ಕೆ ಪಟ್ಟಿ ಬಂತು. ಮೊದಲ ಸಲ ಆ ಯಂತ್ರ ತೋಟಕ್ಕೆ ಬಂದ ದಿನ ಚಂದಮ್ಮ ಅದರ ಪಟ್ಟಿಯನ್ನು ಎಳೆದು ಎಳೆದು ನೋಡಿದಳು. ಇದು ಎಷ್ಟು ದಿನದ ಹಿಂದೆ ಬಂದದ್ದು ಎಂದು ಕೇಳಿದಳು. ಬೇರೆ ಕಡೆ ಮೊದಲೇ ಇತ್ತು, ನಮಗೆ ಬರಲು ತಡವಾಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಎಲೆಯ ಚೂರು ಕತ್ತರಿಸಿ ದೂರದ ಪ್ರಯೋಗಾಲಯಕ್ಕೆ ಕಳಿಸಿ ತಳಿ ಗುರುತಿಸುವುದೂ ಬಂತು. ನಿಮಗೆ ಇವೆಲ್ಲ ಮೊದಲ ದಿನದಿಂದಲೇ ಸಿಗುತ್ತವೆ. ಸಂತೋಷ. ಆದರೆ ಎಲೆಯ ಚೂರು ಮರ ಯಾವುದೆಂದು ಹೇಳುತ್ತದೆ. ಈ ಬಿಸಿಲಿನಲ್ಲಿ ಅದು ಕಾಯಿ ಹಿಡಿಯುತ್ತದೆಯೇ ಎಂದು ತಿಳಿಯಲು ಈಗಲೂ ಬೇಸಿಗೆಯಲ್ಲಿ ಮರದ ಕೆಳಗೆ ಹೋಗಿ ನಿಲ್ಲಲೇಬೇಕು.

ಮಕ್ಕಳ ಮರಗಳು ಹೊಂಬಾಳೆ ಬಿಟ್ಟವು. ಮೊದಲ ಬೇಸಿಗೆಯಲ್ಲಿ ಎಳೆಗಾಯಿ ಉದುರಿದಾಗ, ಹೊಸ ಮರಗಳಲ್ಲವೇ, ಎಂದುಕೊಂಡೆ. ಎರಡನೆಯ ಬೇಸಿಗೆಯಲ್ಲಿ ಮಳೆ ಸರಿಯಾಗಲಿಲ್ಲ ಎಂದುಕೊಂಡೆ. ಮೂರನೆಯ ಬೇಸಿಗೆಯಲ್ಲಿ ಅಂದುಕೊಳ್ಳಲು ಏನೂ ಉಳಿಯಲಿಲ್ಲ. ಬೇಲಿ ಮರದ ಮಕ್ಕಳು ಊರ ಸಾಧಾರಣ ಮರಗಳ ಮಕ್ಕಳಿಗಿಂತ ಒಂದು ಕೂದಲೂ ಮೇಲಿರಲಿಲ್ಲ, ಕೆಲವು ಕೆಳಗೇ ಇದ್ದವು. ತಾಯಿ ಮಾತ್ರ ಅತ್ತ ಬೇಲಿಯ ಪಕ್ಕದಲ್ಲಿ ಮೊದಲಿನ ಹಾಗೇ ಗೊನೆ ತುಂಬಿಕೊಂಡು ನಿಂತಿತ್ತು. ಇನ್ನೂ ಎರಡು ವರ್ಷ ನೋಡಿದೆವು. ಆಮೇಲೆ ಅದನ್ನು ತಾಯಿಮರಗಳ ಪಟ್ಟಿಯಿಂದ ತೆಗೆದರು. ದೊಡ್ಡ ಸಾಹೇಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರಿಗೆ ಹೇಳುವ ಕಷ್ಟವಾದರೂ ತಪ್ಪಿತು.

ಚಂದಮ್ಮನಿಗೆ ಹೇಳುವ ಕಷ್ಟ ತಪ್ಪಲಿಲ್ಲ. ಸಸಿಮಡಿಯ ಹತ್ತಿರ ಆಕೆಯನ್ನು ಕೂರಿಸಿ ಎಲ್ಲ ಹೇಳಿದೆ. ಆಕೆ ಒಂದು ಪ್ರಶ್ನೆ ಕೇಳಿದಳು.

"ತಪ್ಪು ಗಿಡದ್ದೇನ್ರಿ, ಚೀಲ ಕಟ್ಟಿದವರದ್ದೇನ್ರಿ?"

ಭೀಮಶಾನ ಕೈ ಸರಿಯಾಗಿತ್ತು ಎಂದೆ. ಅದು ನಿಜ. ಅವನು ಬೇರೆ ಮರಗಳಿಗೆ ಕೊಟ್ಟ ಪರಾಗದಿಂದ ಆದ ಮಕ್ಕಳು ಹೇಗೆ ಬರಬೇಕೋ ಹಾಗೆ ಬಂದಿದ್ದವು. ಹಾಗಾದರೆ ಗಿಡದ್ದೇ ತಪ್ಪು ಎಂದು ಆಕೆ ತಿಳಿದುಕೊಂಡಳು. ನಾನೂ ಹೌದೆಂದೆ.

ಆಮೇಲೆ ಬಂದ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು, ಕೆಟ್ಟವರಲ್ಲ. ಬೇಲಿ ಸಾಲನ್ನು ಪೂರ್ತಿ ತೆಗೆದು ಹೊಸ ತಳಿ ನೆಡಬೇಕೆಂದು ಆದೇಶವಾಯಿತು. ಸುದ್ದಿ ತಿಳಿದ ದಿನ ಚಂದಮ್ಮ ನನ್ನ ಕೋಣೆಗೆ ಬಂದಳು. ಅಷ್ಟು ವರ್ಷದಲ್ಲಿ ಆಕೆ ಒಳಗೆ ಬಂದು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಉಳಿದವನ್ನೆಲ್ಲ ತೆಗೆಯಿರಿ, ಅದೊಂದನ್ನು ಬಿಡಿ ಎಂದಳು. ಮಕ್ಕಳು ಓದಿ ಊರು ಬಿಟ್ಟಿದ್ದಾರೆ, ಮನೆಯ ಫೋಟೊದಲ್ಲಿ ಭೀಮಶಾನ ಮುಖ ಮಾಸಿಹೋಗಿದೆ, ತನಗೆ ಅವನ ಹತ್ತಿರ ಹೋದ ಹಾಗೆ ಅನ್ನಿಸುವುದು ಆ ಬುಡದಲ್ಲಿ ಕೂತಾಗ ಮಾತ್ರ ಎಂದಳು. ಇವನ್ನೆಲ್ಲ ಬೇಡುವವರ ಹಾಗೆ ಹೇಳಲಿಲ್ಲ. ಬರಬೇಕಾದ್ದನ್ನು ಕೇಳುವವರ ಹಾಗೆ ಕೇಳಿದಳು.

ನಾನು ಅಧಿಕಾರಿಯ ಹತ್ತಿರ ಹೋದೆ. ಅವರು ಎಲ್ಲ ಕೇಳಿಸಿಕೊಂಡರು, ನಿಜವಾಗಿ ಮರುಗಿದರು. ಆಮೇಲೆ, ಉಳಿಸಲು ಏನು ಕಾರಣ ಬರೆಯಲಿ ಹೇಳಿ ಎಂದರು. ಮೊದಲ ಸಲ ನನ್ನ ಹತ್ತಿರ ಕಾರಣ ಇತ್ತು: ಅದು ತಾಯಿಮರ. ಈಗ ಅದೂ ಇಲ್ಲ. ಕಡಿಯಲು ಮಾತ್ರ ಇನ್ನೂ ಒಂದು ಕಾರಣ ಇತ್ತು, ಅದನ್ನು ಅವರು ಹೇಳುವ ಮೊದಲೇ ನನ್ನ ತಲೆ ಹೇಳುತ್ತಿತ್ತು. ಕಳಪೆ ಎಂದು ತೀರ್ಮಾನವಾದ ಮರವನ್ನು ಹೊಸ ತಳಿಯ ಪಕ್ಕದಲ್ಲಿ ಬಿಟ್ಟರೆ ಅದರ ಪರಾಗ ಗಾಳಿಗೆ, ಜೇನಿಗೆ ಸಿಕ್ಕಿ ಹೊಸ ಕಾಯಿಗಳನ್ನೂ ಕೆಡಿಸುತ್ತದೆ. ನಾನು ಜೀವಮಾನವೆಲ್ಲ ಬೇರೆಯವರಿಗೆ ಕಲಿಸಿದ ಪಾಠ ಅದು. ಹೊರಗೆ ಬಂದು ಚಂದಮ್ಮನಿಗೆ ಅದನ್ನೇ ಹೇಳಿದೆ. ಆಕೆಗೆ ಬಿಡಿಸಿ ಹೇಳುವುದು ಬೇಕಾಗಿರಲಿಲ್ಲ. ಎಷ್ಟು ಸಸಿ ಸೀಳಿದ ಕೈ ಅದು.

"ನಮ್ಮ ಗಿಡನೂ ಕಳಪೆ ಗುಡ್ಡಿಗೇ ಬಂತಂದ್ರಿ ಹಂಗಾದ್ರ," ಎಂದಳು.

ಜೆಸಿಬಿ ಬರುವ ದಿನ ರಜೆ ಹಾಕು ಎಂದು ಹೇಳಿದ್ದೆ. ಆಕೆ ಬಂದಳು. ಮೊದಲು ಮೇಲಿನ ಭಾಗವನ್ನು ಕತ್ತರಿಸಿ ಬೀಳಿಸಿದರು. ಗೊನೆಗಳು ನೆಲಕ್ಕೆ ಬಿದ್ದು ಕಾಯಿ ಸಾಲಿನುದ್ದಕ್ಕೂ ಉರುಳಿದವು. ಕೆಲಸದವರು ಆರಿಸಿಕೊಳ್ಳತೊಡಗಿದರು, ಆಕೆ ಒಂದನ್ನೂ ಮುಟ್ಟಲಿಲ್ಲ. ಆಮೇಲೆ ಬುಡಕ್ಕೆ ಕೈ ಹಾಕಿದರು. ಉಳಿದ ಮರಗಳ ಬುಡ ಸಲೀಸಾಗಿ ಎದ್ದು ಬಂದಿದ್ದವು. ಇದು ಬರಲಿಲ್ಲ. ಎಳೆದಷ್ಟೂ ಬೇರು ಕೆಳಗೆ ಕೆಳಗೆ ಹೋಗಿತ್ತು. ಕೊನೆಗೆ ಒಂದು ದೊಡ್ಡ ಹೆಂಟೆ ಮಗುಚಿ ಬಿದ್ದಾಗ ಅದರ ಜತೆ ಕೆತ್ತಿದ ಕಲ್ಲುಗಳು ಬಂದವು. ಗರಸಿನ ಕೆಳಗೆ ಕಲ್ಲುಗಳನ್ನು ದುಂಡಗೆ ಜೋಡಿಸಿದ್ದರು. ಒಳಗೆ ಕಪ್ಪು ಹೂಳು. ನಾನು ಇಳಿದು ಮುಟ್ಟಿದೆ. ಆ ಬಿರುಬಿಸಿಲಿನಲ್ಲಿ ಹೂಳು ತಣ್ಣಗೆ ಹಸಿಯಾಗಿತ್ತು.

ಹಳೆಯ ಬಾವಿ. ತೋಟ ಆಗುವುದಕ್ಕೂ ಮೊದಲು ಯಾರೋ ಮುಚ್ಚಿ ಮೇಲೆ ಗರಸು ಹಾಕಿದ್ದರು. ಊರಲ್ಲಿ ವಯಸ್ಸಾದವರನ್ನು ಕೇಳಿದ್ದರೆ ಹೇಳುತ್ತಿದ್ದರೋ ಏನೋ. ನಾವು ಕೇಳಲಿಲ್ಲ. ದೊಡ್ಡ ಸಾಹೇಬರು ನೆಲದ ಮೇಲೆ ಕಣ್ಣಿಗೆ ಕಾಣುವ ಬಾವಿ, ತಿಪ್ಪೆ, ಬಚ್ಚಲು ನೋಡಿದರು. ನಾನೂ ಅದನ್ನೇ ನೋಡಿದೆ. ಎರಡನೆಯ ಸಾಹೇಬರ ಎಮ್ಮೆಕೊಟ್ಟಿಗೆಯಾದರೂ ಎದುರಿಗೆ ಕಾಣುತ್ತಿತ್ತು. ನಮ್ಮದು ಕಾಲ ಕೆಳಗಿತ್ತು. ಆ ಮರದಲ್ಲಿ ಒಳ್ಳೆಯದೂ ಇರಲಿಲ್ಲ, ಕೆಟ್ಟದ್ದೂ ಇರಲಿಲ್ಲ. ಅದು ನೀರು ಕುಡಿದಿತ್ತು, ಕಾಯಿ ಬಿಟ್ಟಿತ್ತು. ಇದಕ್ಕಾಗಿ ಭೀಮಶಾ ಒದ್ದೆ ಕಾಂಡ ಹತ್ತಿದ. ಇದನ್ನು ನೆನೆದಾಗಲೆಲ್ಲ ನನಗೆ ದುಃಖಕ್ಕಿಂತ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಕೇಳಬೇಡಿ.

ಆದ್ದರಿಂದ ನೀವು ತಾಯಿಮರಕ್ಕೆ ಗುರುತು ಹಾಕುವ ಮೊದಲು ಅದರ ಸುತ್ತ ಗುಂಡಿ ತೋಡಿ ನೋಡಿ. ಊರಿನ ಮುದುಕರನ್ನು, ಮುದುಕಿಯರನ್ನು ಹಿಡಿದು, ಇಲ್ಲಿ ಮೊದಲು ಏನಿತ್ತು ಎಂದು ಕೇಳಿ. ಕಾಂಡ ಒದ್ದೆಯಿದ್ದರೆ ಆ ದಿನದ ಹೂ ಹೋಗಲಿ ಬಿಡಿ. ವರ್ಷ ಹೋದರೆ ಹೋಗಲಿ. ಹತ್ತುವವನಿಗೆ ಇದನ್ನು ನೀವೇ ಬಾಯಿಬಿಟ್ಟು ಹೇಳಿ, ಅವನಿಗೆ ಗೊತ್ತಿರುತ್ತದೆ ಎಂದು ಸುಮ್ಮನಿರಬೇಡಿ.

ಅವತ್ತು ಜೆಸಿಬಿ ನಿಂತ ಮೇಲೆ ಚಂದಮ್ಮ ಗುಂಡಿಯ ಅಂಚಿಗೆ ಬಂದು ಒಳಗೆ ಇಣುಕಿದಳು. ನಾನು ಹೂಳು ಮೆತ್ತಿದ ಕೈಯಲ್ಲೇ ನಿಂತು, ತಪ್ಪು ಗಿಡದ್ದೂ ಅಲ್ಲ ಎಂದು ತೊದಲುತ್ತ ಹೇಳಲು ಹೋದೆ. ಆಕೆಗೆ ಅಷ್ಟರಲ್ಲೇ ಎಲ್ಲ ತಿಳಿದಿತ್ತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಆವಾಗ ನಾ ಕೇಳ್ದಾಗ ಕಡದಿದ್ರ ಒಂದೇ ಸಲ ಅತ್ತು ಮುಗಸ್ತಿದ್ದೆ ನೋಡ್ರಿ ಸಾಹೇಬ್ರ. ನೀವು ಎರಡು ಸಲ ಅಳಿಸಿದ್ರಿ."

ಇಷ್ಟು ಹೇಳಿ, ನೀರಿನ ಪೈಪು ಎತ್ತಿಕೊಂಡು ಹೊಸ ಸಸಿಗಳ ಕಡೆಗೆ ಹೋದಳು.